ಉಗ್ರಾಣ ತುಂಬಿ ಬಾಗಿಲು ಮುಚ್ಚಲಾಗದಿದ್ದರೆ: ರ‍್ಯಾಕ್, ಅಟ್ಟ, ಗೋದಾಮು, ಬಾಡಿಗೆ – ಯಾವುದು ಯಾರಿಗೆ?

ಮಂಗಳೂರು–ಉಡುಪಿ ಕಡೆಯ ಸಭಾಭವನ, ಹೋಟೆಲು, ಅಂಗಡಿ, ಆಸ್ಪತ್ರೆ ಎಲ್ಲೇ ಹೋಗಿ, ಸ್ಟೋರ್ ರೂಮಿನ ಕತೆ ಒಂದೇ. ಬಾಗಿಲು ತೆರೆದರೆ ಎದುರಿಗೇ ಕುರ್ಚಿಯ ರಾಶಿ, ಅದರ ಹಿಂದೆ ಯಾವುದೋ ಬ್ಯಾನರ್ ಸುರುಳಿ, ಅದರಡಿಯಲ್ಲಿ ಹುಡುಕುತ್ತಿರುವ ಸಾಮಾನು. ಆಗ ಬರುವ ಮೊದಲ ಸಲಹೆ ‘ರ‍್ಯಾಕ್ ಹಾಕಿಸುವಾ’, ಎರಡನೆಯದು ‘ಮೇಲೊಂದು ಅಟ್ಟ ಮಾಡಿಸುವಾ’. ಎರಡೂ ಕೆಲವರಿಗೆ ಸರಿ, ಹೆಚ್ಚಿನವರಿಗೆ ಅವಸರದ ಖರ್ಚು. ಯಾಕೆಂದರೆ ನಮ್ಮ ಕರಾವಳಿಯ ಉಗ್ರಾಣದಲ್ಲಿ ಜಾಗ ಮುಗಿಯುವ ಮೊದಲೇ ಮುಗಿಯುವುದು ಗಾಳಿ. ವರ್ಷಕ್ಕೆ 3,500 ಮಿಲಿಮೀಟರಿನಷ್ಟು ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ನಾಲ್ಕು ತಿಂಗಳು ಗಾಳಿಯ ತೇವಾಂಶ ಶೇ. 85ರ ಆಸುಪಾಸಿನಲ್ಲೇ ಇರುತ್ತದೆ. ಶೇ. 70 ದಾಟಿದರೆ ಬೂಷ್ಟು ಬೆಳೆಯಲು ಶುರು. ಬೆಂಗಳೂರಿನಲ್ಲಿ ಒತ್ತಿ ತುಂಬಿದ ಕೋಣೆ ಬರೀ ತಲೆನೋವು. ಇಲ್ಲಿ ಅದು ನಷ್ಟ.

ಆದ್ದರಿಂದ ಯಾವ ದಾರಿ ಹಿಡಿದರೂ ಮೊದಲು ಕೋಣೆಯ ನಿಜವಾದ ಅಳತೆ ತಿಳಿದುಕೊಳ್ಳಿ. 4 ಮೀಟರ್ ಉದ್ದ, 3 ಮೀಟರ್ ಅಗಲದ ಕೋಣೆ ಎಂದುಕೊಳ್ಳಿ: ಕಾಗದದಲ್ಲಿ 12 ಚದರ ಮೀಟರ್. ನಾಲ್ಕೂ ಗೋಡೆಯಿಂದ 15 ಸೆಂಟಿಮೀಟರ್ ಬಿಟ್ಟರೆ ಉಳಿಯುವುದು 10. ಹೊರೆ ಹಿಡಿದ ಆಳು ನಡೆಯಲು ಮುಕ್ಕಾಲು ಮೀಟರ್ ಅಗಲದ ದಾರಿ ಬಿಟ್ಟರೆ ಇನ್ನೊಂದು ಮೂರು ಹೋಯಿತು. ಸಾಮಾನಿಗೆ ಸಿಗುವುದು ಏಳು ಚದರ ಮೀಟರ್, ಅಷ್ಟೇ. ಕೋಣೆಯೊಳಗೆ ವಿದ್ಯುತ್ ಪ್ಯಾನೆಲ್ ಇದ್ದರೆ ಅದರ ಎದುರು ಒಂದು ಮೀಟರ್ ಖಾಲಿ ಬಿಡುವುದು ನಿಯಮ. ಬೆಂಕಿ ಬಿದ್ದರೆ ನೀರು ಚಿಮ್ಮುವ ಸ್ಪ್ರಿಂಕ್ಲರ್ ಇದ್ದರೆ ಅದರ ತಲೆಯಿಂದ ಕೆಳಗೆ 45 ಸೆಂಟಿಮೀಟರ್ ತನಕ ಏನೂ ಇಡಬಾರದು.

ಗೋಡೆಯಿಂದ 15 ಸೆಂಟಿಮೀಟರ್ ಯಾಕೆ ಎಂಬ ಪ್ರಶ್ನೆ ಪ್ರತಿಸಲ ಬರುತ್ತದೆ. ನಮ್ಮ ಹಳೆಯ ಕಟ್ಟಡಗಳ ಗೋಡೆ ಕೆಂಪುಕಲ್ಲಿನದು. ತೂತುತೂತಿನ ಕಲ್ಲು, ನೀರು ಹೀರುತ್ತದೆ. ತೆಂಕು–ಪಡುವಣದ ಗಾಳಿಮಳೆ ಹೊಡೆಯುವ ಗೋಡೆಯಲ್ಲಿ ಗಾರೆ ಎಲ್ಲಾದರೂ ಬಿರುಕು ಬಿಟ್ಟಿದ್ದರೆ ಜುಲೈ ಹೊತ್ತಿಗೆ ಒಳಗೆ ಒಸರು ಕಾಣಿಸುತ್ತದೆ. ಗೋಣಿಯೋ ರಟ್ಟಿನ ಪೆಟ್ಟಿಗೆಯೋ ಅದಕ್ಕೆ ತಾಗಿದ್ದರೆ ಮುಗಿಯಿತು. ಜೊತೆಗೆ ಆ ಸಂದಿಯಲ್ಲಿ ಟಾರ್ಚ್ ಹಾಕಿ ನೋಡಿದರೆ ಇಲಿಯ ಹಿಕ್ಕೆ, ಗೆದ್ದಲಿನ ಮಣ್ಣಿನ ಗೆರೆ ಎರಡೂ ಸಮಯಕ್ಕೆ ಕಣ್ಣಿಗೆ ಬೀಳುತ್ತವೆ. ಒತ್ತಿ ಇಟ್ಟರೆ ಹೊತ್ತು ಮೀರಿದ ಮೇಲೆ ಗೊತ್ತಾಗುವುದು.

ಮೊದಲ ದಾರಿ: ಖಾಲಿ ಮಾಡುವುದು

ಖರ್ಚಿಲ್ಲದ ದಾರಿ, ಆದರೆ ಎಲ್ಲಕ್ಕಿಂತ ಕಷ್ಟದ್ದು. ‘ಬೇಕಾಗಬಹುದು’ ಎಂಬ ಒಂದು ಮಾತು ಯಾವ ಸಾಮಾನನ್ನೂ ಹೊರಗೆ ಹೋಗಲು ಬಿಡುವುದಿಲ್ಲ. ವಾದ ಮಾಡಿ ಗೆಲ್ಲಲಾಗದು. ಪಟ್ಟಿ ಕಟ್ಟಿ ಗೆಲ್ಲಬಹುದು. ಕಾರ್ಯಕ್ರಮಗಳ ಹಂಗಾಮು ಶುರುವಾಗುವ ದೀಪಾವಳಿಯ ಹೊತ್ತಿಗೆ ಪ್ರತಿ ಕಟ್ಟು, ಪೆಟ್ಟಿಗೆ, ಪಾತ್ರೆಯ ಗುಂಪಿಗೆ ಒಂದೇ ಬಣ್ಣದ ಟೇಪಿನ ತುಂಡು ಅಂಟಿಸಿ. ಬಳಸಲು ತೆಗೆದವರು ಟೇಪ್ ಕಿತ್ತುಬಿಡಬೇಕು. ಬೇರೆ ಲೆಕ್ಕ ಬೇಡ. ಪತ್ತನಾಜೆಗೆ, ಅಂದರೆ ತುಳು ತಿಂಗಳು ಬೇಶದ ಹತ್ತಕ್ಕೆ, ಮೇ 24–25ರ ಸುಮಾರಿಗೆ, ಟೇಪ್ ಉಳಿದಿರುವುದೆಲ್ಲ ಒಂದು ಇಡೀ ಹಂಗಾಮಿನಲ್ಲಿ ಯಾರೂ ಮುಟ್ಟದ ಸಾಮಾನು.

ಪತ್ತನಾಜೆಯೇ ಯಾಕೆಂದರೆ ಭೂತಕೋಲ, ಯಕ್ಷಗಾನದ ಆಟ, ಜಾತ್ರೆಗಳು ಮುಗಿದಿರುತ್ತವೆ, ಮಳೆ ಹಿಡಿಯಲು ಇನ್ನೂ ಒಂದು ವಾರವಾದರೂ ಇರುತ್ತದೆ, ಅಂಗಳದಲ್ಲಿ ಬಿಸಿಲಿದೆ. ಅದೇ ವಾರದಲ್ಲಿ ಜಮಖಾನ, ಚಾಪೆ, ಪರದೆಗಳನ್ನು ಎರಡು ದಿನ ಒಣಗಿಸಿ, ಸಂಜೆಗೆ ಬಿಸಿ ಆರಿದ ಮೇಲೆ ಮಡಚಿ ಒಳಗಿಡಬಹುದು. ಬಿಸಿಯಿದ್ದಾಗಲೇ ಪ್ಲಾಸ್ಟಿಕ್ ಚೀಲಕ್ಕೆ ತುರುಕಿದರೆ ಒಳಗೆ ಬೆವರಿ ಅದೇ ಬೂಷ್ಟಿಗೆ ದಾರಿ. ‘ಆಟಿಯಲ್ಲಿ (ಜುಲೈ–ಆಗಸ್ಟ್ ನಡುವಿನ ತುಳು ತಿಂಗಳು) ಹೇಗೂ ಮದುವೆ ಇಲ್ಲ, ಆಗ ನೋಡುವಾ’ ಎಂದು ಮುಂದೂಡುವ ಭವನಗಳು ಬಹಳ. ಆಟಿಯಲ್ಲಿ ಬಿಡುವಿದೆ ನಿಜ, ಬಿಸಿಲಿಲ್ಲ.

ಗುಜರಿಗೆ ಹಾಕಲು ಅಡ್ಡಿ ಬರುವುದು ಮೂರು ಬಗೆಯ ಸಾಮಾನು. ಒಂದು, ದಾನಿಗಳ ಹೆಸರು ಕೊರೆದ ಪಾತ್ರೆ, ಕುರ್ಚಿ, ಫ್ಯಾನು. ದೇವಸ್ಥಾನದ ಸಭಾಭವನಗಳಲ್ಲಿ ಇದೇ ಕಾಲು ಭಾಗ ಜಾಗ ತಿನ್ನುವುದುಂಟು. ಗುಜರಿಗೆ ಕೊಟ್ಟರೆ ಮನಸ್ತಾಪ. ಸಮಿತಿಯ ಸಭೆಯಲ್ಲಿ ನಿರ್ಣಯ ಬರೆದು, ಊರಿನ ಭಜನಾ ಮಂದಿರಕ್ಕೋ ಶಾಲೆಯ ಬಿಸಿಯೂಟದ ಅಡುಗೆಮನೆಗೋ ಕೊಟ್ಟು, ದಾನಿಗೆ ಒಂದು ಮಾತು ಹೇಳಿದರೆ ಸಾಮಾನ್ಯವಾಗಿ ಸಂತೋಷದಿಂದಲೇ ಒಪ್ಪುತ್ತಾರೆ. ಎರಡು, ಹಳೆಯ ಬಿಲ್ ಪುಸ್ತಕ. ಜಿಎಸ್‌ಟಿ ದಾಖಲೆಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನಾಂಕದಿಂದ 72 ತಿಂಗಳು ಇಟ್ಟುಕೊಳ್ಳಬೇಕು. ಕಂಪನಿಯಾಗಿದ್ದರೆ ಲೆಕ್ಕದ ಪುಸ್ತಕ ಎಂಟು ವರ್ಷ. ವ್ಯಾಜ್ಯವೇನೂ ಬಾಕಿ ಇಲ್ಲದಿದ್ದರೆ ಅದಕ್ಕಿಂತ ಹಳೆಯದನ್ನು ಲೆಕ್ಕಪರಿಶೋಧಕರಲ್ಲಿ ಒಮ್ಮೆ ಕೇಳಿ ವಿಲೇವಾರಿ ಮಾಡಬಹುದು. ಮೂರು, ‘ರಿಪೇರಿ ಮಾಡಿಸಬೇಕು’ ಎಂದು ಬದಿಗಿಟ್ಟ ಮಿಕ್ಸರ್, ಗ್ರೈಂಡರ್, ಮೈಕ್ ಸ್ಟ್ಯಾಂಡು. ತಿಂಗಳ ಗಡುವು ಕೊಡಿ. ಅಷ್ಟರೊಳಗೆ ಅಂಗಡಿಗೆ ಹೋಗದಿದ್ದದ್ದು ಇನ್ನು ಹೋಗುವುದಿಲ್ಲ.

ಎರಡನೇ ದಾರಿ: ರ‍್ಯಾಕ್

ಖಾಲಿ ಮಾಡಿದ ಮೇಲೂ ಸಾಲದಿದ್ದರೆ ರ‍್ಯಾಕ್. ಮಾರುಕಟ್ಟೆಯಲ್ಲಿ ಸಿಗುವುದನ್ನು ನಾಲ್ಕು ಗುಂಪು ಮಾಡಬಹುದು: ತೂತಿನ ಆ್ಯಂಗಲ್‌ಗೆ ಶೀಟು ಬೋಲ್ಟ್ ಮಾಡುವ ಮಾಮೂಲಿ ಸ್ಲಾಟೆಡ್ ಆ್ಯಂಗಲ್ ರ‍್ಯಾಕ್, ಬೀಮ್ ಸಿಕ್ಕಿಸುವ ಹೆವಿ ಡ್ಯೂಟಿ ರ‍್ಯಾಕ್, ಸ್ಟೀಲ್ ರ‍್ಯಾಕ್, ಮತ್ತು ವೆಲ್ಡರ್ ಕೈಯಲ್ಲಿ ಜಾಗಕ್ಕೆ ಅಳತೆ ಕೊಟ್ಟು ಮಾಡಿಸುವುದು.

ಸ್ಲಾಟೆಡ್ ಆ್ಯಂಗಲ್ ರ‍್ಯಾಕ್ ಅಗ್ಗ, ಹಲಗೆಯ ಎತ್ತರ ಬದಲಾಯಿಸಬಹುದು, ಬಿಚ್ಚಿ ಬೇರೆಡೆ ಒಯ್ಯಬಹುದು. ಹೆಚ್ಚಿನ ಜಾಗಗಳಿಗೆ ಇದೇ ಸಾಕು. ಎಡವುವುದು ಗೇಜಿನಲ್ಲಿ. ಗೇಜ್ ಸಂಖ್ಯೆ ಕಡಿಮೆಯಾದಷ್ಟು ಶೀಟು ದಪ್ಪ: 22 ಗೇಜ್ ಎಂದರೆ ಸುಮಾರು 0.7 ಮಿಲಿಮೀಟರ್, 20 ಎಂದರೆ 0.9, 18 ಎಂದರೆ 1.2. ಈಗ ಒಂದು ಹಲಗೆಯ ಲೆಕ್ಕ ನೋಡಿ. 36 ಇಂಚು ಅಗಲ, 24 ಇಂಚು ಆಳದ ಹಲಗೆಯಲ್ಲಿ 15 ಕಿಲೋದ ಎಣ್ಣೆ ಡಬ್ಬ ಮೂರರಂತೆ ಎರಡು ಸಾಲು, ಆರು ಕೂರುತ್ತದೆ. ಡಬ್ಬದ ತೂಕ ಸೇರಿ ಹತ್ತಿರ ಹತ್ತಿರ 100 ಕಿಲೋ. 22 ಗೇಜಿನ ಶೀಟು ಇಷ್ಟಕ್ಕೆ ನಡುವೆ ಬಗ್ಗುತ್ತದೆ. ಬಗ್ಗಿದ ಹಲಗೆಯ ಮೇಲೆ ಡಬ್ಬ ಓರೆಯಾಗಿ, ಎಣ್ಣೆ ಜಿನುಗಿ, ಕೆಳಗಿನ ಹಿಟ್ಟಿನ ಚೀಲಕ್ಕೆ ಇಳಿಯುತ್ತದೆ. ಎಣ್ಣೆ, ಬೆಲ್ಲ, ಉಪ್ಪಿನ ಹಲಗೆಗೆ 18 ಗೇಜ್ ಇರಲಿ, ಕೆಳಭಾಗದಲ್ಲಿ ಉದ್ದಕ್ಕೂ ಒಂದು ಸಪೋರ್ಟ್ ಪಟ್ಟಿ ಹಾಕಿಸಿ. ತಟ್ಟೆ, ಲೋಟ, ಪೇಪರ್ ನ್ಯಾಪ್ಕಿನ್‌ಗೆ 22 ಸಾಕು. ಎಲ್ಲ ಹಲಗೆಗೂ ಒಂದೇ ಗೇಜ್ ಬೇಕಾಗಿಲ್ಲ. ಅಂಗಡಿಯವರು ತಾವಾಗಿ ಹೇಳುವುದಿಲ್ಲ, ಕೇಳಿದರೆ ಕೊಡುತ್ತಾರೆ. ‘ಒಂದು ಹಲಗೆಗೆ ಎಷ್ಟು ಕಿಲೋ, ಸಮನಾಗಿ ಹರಡಿದಾಗ’ ಎಂಬುದನ್ನು ಬಿಲ್ಲಿನಲ್ಲೇ ಬರೆಸಿಕೊಳ್ಳಿ.

ಆಳವೂ ಮೋಸ ಮಾಡುತ್ತದೆ. 24 ಇಂಚಿನ ಹಲಗೆ ಒಂದೇ ಕಡೆಯಿಂದ ಕೈ ಹಾಕುವಂತಿದ್ದರೆ ಹಿಂದಿನ ಸಾಲಿನ ಸಾಮಾನು ಅಲ್ಲೇ ಅವಧಿ ಮೀರುತ್ತದೆ. ಗೋಡೆ ಬದಿಗೆ 15 ಅಥವಾ 18 ಇಂಚು, ಎರಡೂ ಕಡೆ ದಾರಿ ಇರುವ ನಡುವಿನ ರ‍್ಯಾಕಿಗೆ 24. ಒಂದೇ ಬಗೆಯ ಸಾಮಾನು ರಾಶಿಯಲ್ಲಿ ಇಡುವುದಾದರೆ ಮಾತ್ರ ಈ ಮಾತು ಸಡಿಲಿಸಬಹುದು.

ಇನ್ನು ತುಕ್ಕು. ಮಲ್ಪೆ, ಪಣಂಬೂರು, ಉಳ್ಳಾಲದ ಹಾಗೆ ಸಮುದ್ರದ ಗಾಳಿ ನೇರ ಬರುವ ಕಡೆ ಮಾಮೂಲಿ ಪೇಂಟಿನ ರ‍್ಯಾಕ್ ಎರಡು ಮಳೆಗಾಲ ಕಂಡರೆ ಪಾದದಲ್ಲಿ ಪದರ ಪದರ ಏಳುತ್ತದೆ. ತುಕ್ಕು ಮೊದಲು ಹಿಡಿಯುವುದು ಬಯಲಲ್ಲಿ ಕಾಣುವ ಹಲಗೆಗಲ್ಲ: ಆ್ಯಂಗಲ್ ಕತ್ತರಿಸಿದ ತುದಿಗೆ, ಬೋಲ್ಟ್ ಬಿಗಿದ ತೂತಿಗೆ, ನೆಲ ಒರೆಸಿದ ನೀರು ನಿಲ್ಲುವ ಪಾದಕ್ಕೆ. ಜೋಡಿಸುವ ಮೊದಲೇ ಕತ್ತರಿಸಿದ ತುದಿಗಳಿಗೆ ಜಿಂಕ್ ಪ್ರೈಮರ್ ಬಳಿಸಿ, ಪಾದಕ್ಕೆ ಪ್ಲಾಸ್ಟಿಕ್ ಬೂಟು ಹಾಕಿಸಿ, ಕೆಳಗಿನ ಹಲಗೆಯನ್ನು ನೆಲದಿಂದ 15–20 ಸೆಂಟಿಮೀಟರ್ ಎತ್ತಿಸಿ. ಪೌಡರ್ ಕೋಟಿಂಗ್ ಇದ್ದರೆ ಒಳ್ಳೆಯದು, ಗ್ಯಾಲ್ವನೈಸ್ಡ್ ಇನ್ನೂ ಒಳ್ಳೆಯದು.

ಅಡುಗೆಮನೆಗೆ ಹೊಂದಿದ ಒದ್ದೆ ಉಗ್ರಾಣಕ್ಕೆ ಸ್ಟೀಲ್ ರ‍್ಯಾಕ್ ದುಡ್ಡಿಗೆ ತಕ್ಕದ್ದು, ಆದರೆ 304 ದರ್ಜೆಯದಾದರೆ ಮಾತ್ರ. 202 ದರ್ಜೆಯ ಸ್ಟೀಲ್ ಹೊಸತರಲ್ಲಿ ಹಾಗೇ ಹೊಳೆಯುತ್ತದೆ, ಉಪ್ಪಿನ ಗಾಳಿಗೆ ವರ್ಷದೊಳಗೆ ಕಂದು ಚುಕ್ಕೆ ಬೀಳುತ್ತದೆ. ಅಯಸ್ಕಾಂತ ಹಿಡಿದು ನೋಡುವ ಪರೀಕ್ಷೆ ಇಲ್ಲಿ ಉಪಯೋಗಕ್ಕೆ ಬಾರದು, ಎರಡಕ್ಕೂ ಅದು ಸರಿಯಾಗಿ ಅಂಟುವುದಿಲ್ಲ. ಬಣ್ಣ ಬದಲಾಗುವ ಪರೀಕ್ಷಾ ದ್ರಾವಣ ಅಂಗಡಿಯಲ್ಲೇ ಇರುತ್ತದೆ, ಎದುರಿಗೇ ಒಂದು ಹನಿ ಹಾಕಿಸಿ. ಮರದ ರ‍್ಯಾಕ್ ಬೇಕೇ ಬೇಕೆಂದಾದರೆ ನೀರು ತಡೆಯುವ ಮರೈನ್ ಪ್ಲೈ. ಸಾದಾ ಪ್ಲೈವುಡ್ ಇಲ್ಲಿಯ ಮಳೆಗಾಲಕ್ಕೆ ಅಂಚಿನಲ್ಲಿ ಉಬ್ಬಿ ಬಿಡಿಸಿಕೊಳ್ಳುತ್ತದೆ.

ರ‍್ಯಾಕನ್ನು ಗೋಡೆಗೆ ಕಟ್ಟುವಾಗ ನಮ್ಮ ಊರಿನದೇ ಒಂದು ತೊಡಕು. ಕೆಂಪುಕಲ್ಲಿನಲ್ಲಿ ಸಾದಾ ಆ್ಯಂಕರ್ ಬೋಲ್ಟ್ ಕೂರುವುದಿಲ್ಲ. ಬಿಗಿಯುವಾಗ ಬಿಗಿಯಾದ ಹಾಗೆ ಕಾಣುತ್ತದೆ, ಕಲ್ಲು ಒಳಗೆ ಪುಡಿಯಾಗಿ ಕೆಲವು ತಿಂಗಳಲ್ಲಿ ಸಡಿಲ. ಕಾಂಕ್ರೀಟಿನ ಲಿಂಟಲ್ ಅಥವಾ ಕಂಬ ಹುಡುಕಿ ಅದಕ್ಕೇ ಬಿಗಿಯಿರಿ. ಇಲ್ಲವಾದರೆ ತೂತಿಗೆ ಅಂಟು ತುಂಬಿ ಕೂರಿಸುವ ಕೆಮಿಕಲ್ ಆ್ಯಂಕರ್ ಹಾಕಿಸಿ. ಅದೂ ಆಗದಿದ್ದರೆ ಎದುರುಬದುರು ಎರಡು ರ‍್ಯಾಕಿನ ತಲೆಯನ್ನು ಮೇಲಿಂದ ಅಡ್ಡ ಆ್ಯಂಗಲ್ ಹಾಕಿ ಒಂದಕ್ಕೊಂದು ಕಟ್ಟಿಸಿ.

ಹೆವಿ ಡ್ಯೂಟಿ ರ‍್ಯಾಕ್ ಮತ್ತು 120×100 ಸೆಂಟಿಮೀಟರಿನ ಪ್ಯಾಲೆಟ್ (ಸರಕು ಪೇರಿಸುವ ದೊಡ್ಡ ಮಣೆ) ಬೈಕಂಪಾಡಿಯ ಕೈಗಾರಿಕಾ ಶೆಡ್ಡಿಗೆ ಸರಿ. ಸಭಾಭವನದ ಸ್ಟೋರ್ ಬಾಗಿಲು 90 ಸೆಂಟಿಮೀಟರ್. ಆ ಪ್ಯಾಲೆಟ್ ಒಳಗೇ ಹೋಗುವುದಿಲ್ಲ. ತಂದ ಮೇಲೆ ಗೊತ್ತಾದರೆ ಅಂಗಳದಲ್ಲೇ ಗತಿ.

ಮೂರನೇ ದಾರಿ: ಅಟ್ಟ ಮತ್ತು ಮಹಡಿ

ಅಟ್ಟಕ್ಕೆ ಹೋದ ಸಾಮಾನು ಸ್ವರ್ಗಕ್ಕೆ ಹೋದ ಹಾಗೆ, ಹಿಂದೆ ಬರುವುದು ಅಪರೂಪ. ಅದಕ್ಕೇ ಅಲ್ಲಿಗೆ ಎರಡು ಷರತ್ತು: ವರ್ಷಕ್ಕೆ ಮೂರ್ನಾಲ್ಕು ಸಲಕ್ಕಿಂತ ಹೆಚ್ಚು ಕೆಳಗೆ ಬರಬಾರದು, ಏಣಿಯಲ್ಲಿ ಒಬ್ಬನೇ ಹಿಡಿದು ಇಳಿಯುವಷ್ಟು, ಅಂದರೆ ಹತ್ತು ಕಿಲೋ ಒಳಗಿರಬೇಕು. ದೀಪಾವಳಿಯ ಗೂಡುದೀಪ, ಮಂಟಪದ ಅಲಂಕಾರ, ಕ್ರಿಸ್ಮಸ್ ಗೋದಲಿ – ಇಂಥವಕ್ಕೆ ಅಟ್ಟ ಸರಿ. ಹಂಡೆ, ಕೊಪ್ಪರಿಗೆಗೆ ಅಲ್ಲ. ಶೀಟಿನ ಮಾಡಿನಡಿ ಏಪ್ರಿಲ್–ಮೇ ತಿಂಗಳ ಕಾವಿಗೆ ಥರ್ಮಾಕೋಲ್, ಗಮ್ ಟೇಪ್, ಮೇಣದ ಬತ್ತಿ ಎಲ್ಲ ಹಾಳು.

ಕಬ್ಬಿಣದ ಮಹಡಿ ಹಾಕಿಸಿ ಕೋಣೆಯನ್ನು ಎರಡು ಮಾಡುವ ಯೋಚನೆ ಇದ್ದರೆ ಮೊದಲು ಎತ್ತರ ಅಳೆಯಿರಿ. ಕೆಳಗೆ ತಲೆ ತಾಗದಂತೆ 2.1 ಮೀಟರ್, ಮೇಲೆ ಅಷ್ಟೇ, ನಡುವೆ ಬೀಮು ಮತ್ತು ಪ್ಲೇಟಿಗೆ 20 ಸೆಂಟಿಮೀಟರ್: ಒಟ್ಟು ನಾಲ್ಕೂವರೆ ಮೀಟರಿನ ಹತ್ತಿರ ಬೇಕು. ಕಾಂಕ್ರೀಟ್ ಕಟ್ಟಡದ ಮೂರು ಮೀಟರ್ ಕೋಣೆಯಲ್ಲಿ ಇದು ಆಗದ ಮಾತು. ಮಂಗಳೂರು ಬಂದರಿನ ಹಂಚಿನ ಮಾಡಿನ ಹಳೆ ಗೋದಾಮುಗಳಲ್ಲಿ ನಡುವೆ ಎತ್ತರವಿದೆ, ಬದಿಗೆ ಮಾಡು ಇಳಿಯುತ್ತದೆ. ಅಲ್ಲಿ ನಡುಭಾಗಕ್ಕಷ್ಟೇ ಮಹಡಿ ಹಾಕಿ, ಹಂಚಿನ ಸಂದಿಯಿಂದ ಆಡುವ ಗಾಳಿಗೆ ಅಡ್ಡ ಬಾರದಂತೆ ಬದಿ ಬಿಡಬೇಕು.

ಮನೆಯನ್ನೋ ಆಫೀಸನ್ನೋ ಉಗ್ರಾಣ ಮಾಡಿಕೊಂಡವರು ತೂಕದ ಲೆಕ್ಕ ಹಾಕಲೇಬೇಕು. ವಾಸದ ಮನೆಯ ಮಹಡಿ ಸ್ಲ್ಯಾಬನ್ನು ಚದರ ಮೀಟರಿಗೆ 200 ಕಿಲೋ ಲೆಕ್ಕದಲ್ಲಿ ವಿನ್ಯಾಸ ಮಾಡಿರುತ್ತಾರೆ. 50 ಕಿಲೋದ ಅಕ್ಕಿ ಚೀಲ ಅರ್ಧ ಚದರ ಮೀಟರ್ ಹಿಡಿಯುತ್ತದೆ. ಒಂದು ವರಸೆಗೆ ಚದರ ಮೀಟರಿಗೆ 100 ಕಿಲೋ. ಎರಡು ವರಸೆಗೇ ಮಿತಿ ಮುಟ್ಟಿತು. ಜನ ಐದಾರು ವರಸೆ ಪೇರಿಸುತ್ತಾರೆ. ಅಕ್ಕಿ, ಸಕ್ಕರೆ, ಕಾಗದ, ಟೈಲ್ಸ್ ಇವೆಲ್ಲ ನೆಲಮಹಡಿಗೆ, ಮೇಲೆ ಹಗುರದ್ದು.

ನಾಲ್ಕನೇ ದಾರಿ: ಹೊರಗೊಂದು ಗೋದಾಮು

ಪೇಟೆಯ ನಡುವಿನ ಹಂಪನಕಟ್ಟೆ, ಕಾರ್‌ಸ್ಟ್ರೀಟ್, ರಥಬೀದಿಯ ಅಂಗಡಿಗಳಿಗೆ ಬೇರೆ ಉಪಾಯವೇ ಇಲ್ಲದಿರಬಹುದು. ಆದರೆ ಗೋದಾಮಿನ ಖರ್ಚು ಬಾಡಿಗೆಯಲ್ಲಿ ಮುಗಿಯುವುದಿಲ್ಲ. ತಿಂಗಳ ಬಾಡಿಗೆ, ಅದಕ್ಕೆ ಟೆಂಪೋ ಟ್ರಿಪ್, ಪ್ರತಿ ಟ್ರಿಪ್ಪಿಗೂ ಎರಡು ಸಲ ಹೇರಿ ಇಳಿಸುವ ಕೂಲಿ, ಅಲ್ಲಿ ಇಲ್ಲಿ ಎರಡೂ ಕಡೆ ಲೆಕ್ಕ ಇಡುವ ಹೊತ್ತು. ತಿಂಗಳಿಗೆ ಎರಡು ಸಲಕ್ಕಿಂತ ಹೆಚ್ಚು ಬೇಕಾಗುವ ಸಾಮಾನನ್ನು ಅಲ್ಲಿಗೆ ಕಳಿಸಿದರೆ ಟೆಂಪೋದವರಿಗೆ ಲಾಭ.

ಗೋದಾಮು ನೋಡಲು ಜುಲೈಯಲ್ಲಿ ಹೋಗಿ. ಜನವರಿಯಲ್ಲಿ ಎಲ್ಲ ಗೋದಾಮೂ ಒಣಗಿಯೇ ಇರುತ್ತದೆ. ಗೋಡೆಯ ಕೆಳಭಾಗದಲ್ಲಿ ಅಡ್ಡಗೆರೆಯ ಕಲೆ ಇದೆಯೇ ಎಂದು ಮೊಣಕಾಲೂರಿ ನೋಡಿ. ಹೊಸ ಬಣ್ಣ ಕೆಳಗಿನ ಎರಡಡಿಗೆ ಮಾತ್ರ ಬಳಿದಿದ್ದರೆ ಕಾರಣ ಕೇಳಿ. ಪಕ್ಕದ ಗ್ಯಾರೇಜಿನವರಲ್ಲಿ ವಿಚಾರಿಸಿದರೆ ನೀರಿನ ಮಟ್ಟವನ್ನು ಕೈಯಲ್ಲಿ ತೋರಿಸುತ್ತಾರೆ. ಮಂಗಳೂರಿನ ಕೊಟ್ಟಾರ ಚೌಕಿ ಸುತ್ತ ಜೋರು ಮಳೆಗೆ ನೀರು ನಿಲ್ಲುವುದು ಎಲ್ಲರಿಗೂ ಗೊತ್ತು. 2020ರ ಸೆಪ್ಟೆಂಬರ್‌ನಲ್ಲಿ ಉಡುಪಿಯ ಕಲ್ಸಂಕ, ಬೈಲಕೆರೆ ಕಡೆ ಇಂದ್ರಾಣಿ ಹೊಳೆಯ ನೀರು ನುಗ್ಗಿದಾಗ ನೆಲಕ್ಕೇ ಸಾಮಾನಿಟ್ಟವರು ಕಳೆದುಕೊಂಡದ್ದು ಕಡಿಮೆಯಲ್ಲ. ನೆಲಮಾಳಿಗೆಯ ಗೋದಾಮು ಎಷ್ಟು ಅಗ್ಗಕ್ಕೆ ಸಿಕ್ಕಿದರೂ ಬೇಡ.

ಐದನೇ ದಾರಿ: ಇಟ್ಟುಕೊಳ್ಳದೇ ಬಾಡಿಗೆಗೆ ತರುವುದು

ಸಭಾಭವನಗಳು ಯೋಚಿಸಲೇಬೇಕಾದ ದಾರಿ ಇದು, ಹೆಚ್ಚಿನವು ಯೋಚಿಸದ ದಾರಿಯೂ ಹೌದು. 500 ಪ್ಲಾಸ್ಟಿಕ್ ಕುರ್ಚಿ ಇದೆ ಎಂದುಕೊಳ್ಳಿ. 15ರಂತೆ ಪೇರಿಸಿದರೆ 34 ರಾಶಿ, ಒಂದೊಂದು ರಾಶಿಗೆ ಚದರ ಮೀಟರಿನ ಮೂರನೇ ಒಂದು ಭಾಗ, ಒಟ್ಟು 11 ಚದರ ಮೀಟರಿಗೂ ಹೆಚ್ಚು. ಮೇಲೆ ಹೇಳಿದ 4×3ರ ಕೋಣೆ ಕುರ್ಚಿಗೇ ಸಾಲದು. ‘20, 25 ಪೇರಿಸಿದರೆ ಆಯ್ತಲ್ಲ’ ಎನ್ನುತ್ತಾರೆ. ಆಗ ಅಡಿಯ ಕುರ್ಚಿಯ ಕಾಲು ಅಗಲಕ್ಕೆ ಹರಡಿ, ಹಿಂಗಾಲಿನ ಬುಡದಲ್ಲಿ ಬಿರುಕು ಬಿಡುತ್ತದೆ. ಅದು ರಾಶಿಯಲ್ಲಿದ್ದಾಗ ಕಾಣುವುದಿಲ್ಲ, ಹಿರಿಯರೊಬ್ಬರು ಕೂತಾಗ ಕಾಣುತ್ತದೆ. ತೊಳೆದು ಒದ್ದೆಯಿದ್ದಾಗಲೇ ಪೇರಿಸಿದರೆ ಒಂದಕ್ಕೊಂದು ಕಚ್ಚಿಕೊಂಡು ಬಿಡಿಸುವಾಗಲೂ ಮುರಿಯುತ್ತದೆ.

ಕಳೆದ ಹಂಗಾಮಿನ ಬುಕ್ಕಿಂಗ್ ಪುಸ್ತಕ ತೆಗೆದು, 300ಕ್ಕಿಂತ ಹೆಚ್ಚು ಕುರ್ಚಿ ನಿಜವಾಗಿ ಹಾಕಿದ ದಿನ ಎಷ್ಟು ಎಂದು ಎಣಿಸಿ. ಒಂದು ಕುರ್ಚಿಯ ಬೆಲೆಯನ್ನು ಅದು ಬಾಳುವ ಐದು ವರ್ಷಕ್ಕೆ ಭಾಗಿಸಿ, ಅದು ಹಿಡಿಯುವ ಜಾಗದ ವರ್ಷದ ಬಾಡಿಗೆ ಕೂಡಿಸಿ, ಬಂದದ್ದನ್ನು ಶಾಮಿಯಾನದವರ ಒಂದು ದಿನದ ಕುರ್ಚಿ ಬಾಡಿಗೆಯಿಂದ ಭಾಗಿಸಿ. ಬರುವ ಸಂಖ್ಯೆಗಿಂತ ಕಡಿಮೆ ದಿನ ಬೇಕಾದರೆ ಬಾಡಿಗೆಯೇ ಲಾಭ. 200 ಕುರ್ಚಿ ಮಾರಿದರೆ 13–14 ರಾಶಿ, ನಾಲ್ಕೂವರೆ ಚದರ ಮೀಟರ್ ಖಾಲಿ. ಯಾವ ರ‍್ಯಾಕೂ ಇಷ್ಟು ಜಾಗ ಬಿಡಿಸಿ ಕೊಡುವುದಿಲ್ಲ. ಎಚ್ಚರ ಒಂದೇ: ಒಳ್ಳೆಯ ಮುಹೂರ್ತದ ದಿನ ಊರಿನ ಎಲ್ಲರಿಗೂ ಕುರ್ಚಿ ಬೇಕು. ಭವನ ಬುಕ್ಕಾದ ದಿನವೇ ಶಾಮಿಯಾನಕ್ಕೂ ಹೇಳಿಡಿ.

ವೇದಿಕೆಯ ಅಡಿಯ ಜಾಗ ಹೆಚ್ಚಿನ ಭವನಗಳಲ್ಲಿ ಕಸದ ಗುಂಡಿಯಾಗಿದೆ. ಅಲ್ಲಿ ಕುರ್ಚಿಯ ರಾಶಿ ನಿಲ್ಲುವುದಿಲ್ಲ, ಆದರೆ ಮಡಚುವ ಮೇಜು, ಮಡಚುವ ಕಬ್ಬಿಣದ ಕುರ್ಚಿಯನ್ನು ಚಕ್ರದ ಹಲಗೆಯ ಮೇಲೆ ಮಲಗಿಸಿ ತಳ್ಳಬಹುದು. ಬದಿಗೆ ಜಾಲರಿ ಇಟ್ಟು ಗಾಳಿ ಆಡಲು ಬಿಡಿ, ಮೈಕಿನ ವೈರು ಅಲ್ಲಿ ಹಾದಿದ್ದರೆ ಪೈಪಿನೊಳಗೆ ಹಾಕಿಸಿ.

ಹೋಟೆಲಿನ ಉಗ್ರಾಣ ಬೇರೆಯೇ ಲೆಕ್ಕ

ಹೋಟೆಲಿನಲ್ಲಿ ಸಾಮಾನು ಓಡುತ್ತಿರುತ್ತದೆ; ಜಾಗ ಹೆಚ್ಚಿಸುವುದಕ್ಕಿಂತ ಸರಕು ತರುವ ಅಂತರ ಕಡಿಮೆ ಮಾಡುವುದು ಸುಲಭ. ದಿನಕ್ಕೆ 40 ಕಿಲೋ ಅಕ್ಕಿ ಹೋಗುವಲ್ಲಿ ವಾರಕ್ಕೊಮ್ಮೆ ಲೋಡ್ ಬಂದರೆ, ಎರಡು ದಿನದ ಭದ್ರತೆ ಸೇರಿಸಿ 360 ಕಿಲೋಗೆ ಜಾಗ ಬೇಕು. ವಾರಕ್ಕೆ ಎರಡು ಸಲ ತರಿಸಿದರೆ 240 ಸಾಕು. ಉದ್ದಿನಬೇಳೆ, ಮೆಣಸು, ರವೆ ಎಲ್ಲಕ್ಕೂ ಇದೇ ಲೆಕ್ಕ ಹಾಕಿ ಹಲಗೆಯ ಮೇಲೆ ಕನಿಷ್ಠ–ಗರಿಷ್ಠ ಗೆರೆ ಎಳೆಯಿರಿ. ಮಳೆಗಾಲಕ್ಕೆ ಮಾತ್ರ ವಿನಾಯಿತಿ: 2018ರ ಹಾಗೆ ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದು ರಸ್ತೆ ಮುಚ್ಚಿದರೆ ಘಟ್ಟದ ಮೇಲಿಂದ ಬರುವ ಬೇಳೆ, ತರಕಾರಿ ಸುತ್ತು ಬಳಸಿ ಬರುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಘಟ್ಟದ ಸರಕಿಗೆ ಮೂರು ದಿನ ಹೆಚ್ಚು ಇಡಿ, ಊರಿನಲ್ಲೇ ಸಿಗುವ ತೆಂಗಿನಕಾಯಿಗೆ ಬೇಡ.

ಕುಚ್ಚಲಕ್ಕಿ, ಬೆಳ್ತಿಗೆ ಅಕ್ಕಿ ಬೇರೆ ಬೇರೆ ಮಣೆಯ ಮೇಲೆ. ಚೀಲವನ್ನು ಒಂದು ವರಸೆ ಉದ್ದ, ಇನ್ನೊಂದು ವರಸೆ ಅಡ್ಡ ಇಟ್ಟು ಎದೆ ಎತ್ತರಕ್ಕೆ ನಿಲ್ಲಿಸಿ. ಗೋಣಿ ಒಂದಕ್ಕೊಂದು ಹಿಡಿದುಕೊಳ್ಳುತ್ತದೆ, ಪ್ಲಾಸ್ಟಿಕ್ ನೇಯ್ಗೆಯ ಚೀಲ ಜಾರುತ್ತದೆ. ಬಂದ ದಿನಾಂಕವನ್ನು ಚೀಲದ ಬಾಯಿಯ ಹತ್ತಿರ ಮಾರ್ಕರ್‌ನಲ್ಲಿ ಬರೆದು, ಹಳತು ಮುಂದೆ ಬರುವಂತೆ ಇಡಿ. ಹಿಂದಿನ ಚೀಲ ಹಿಂದೆಯೇ ಉಳಿದರೆ ಗುಗ್ಗುರು (ಅಕ್ಕಿಯ ಹುಳ) ಅಲ್ಲಿಂದಲೇ ಇಡೀ ಕೋಣೆಗೆ ಹರಡುವುದು. ಫಿನಾಯಿಲ್, ಸೋಪಿನ ಪುಡಿ ಅದೇ ಕೋಣೆಯಲ್ಲಿ ಇರಕೂಡದು, ಕೆಳಗಿನ ಹಲಗೆಯಲ್ಲೂ ಕೂಡದು. ಅಡಿಕೆ ಹಾಳೆಯ ತಟ್ಟೆಯನ್ನು ಮಳೆಗಾಲಕ್ಕೆ ರಾಶಿ ತರಿಸಬೇಡಿ, ಕಟ್ಟಿನ ನಡುವೆಯೇ ಬೂಷ್ಟು ಹಿಡಿಯುತ್ತದೆ. ಹದಿನೈದು ದಿನದ್ದು ಮಾತ್ರ, ಒಲೆಯ ಬಿಸಿ ತಾಗುವ ಗೋಡೆಯ ಆಚೆಬದಿಗೆ.

ಸಿಲಿಂಡರು ಉಗ್ರಾಣದ ಸಾಮಾನೇ ಅಲ್ಲ. ಲೈಸೆನ್ಸ್ ಇಲ್ಲದೆ ಇಡಬಹುದಾದ ಅಡುಗೆ ಅನಿಲ 100 ಕಿಲೋ ತನಕ, ಅಂದರೆ 19 ಕಿಲೋದ ಐದು ಸಿಲಿಂಡರ್. ಆರನೆಯದು ಬಂದರೆ 114. ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲಕ್ಕೆ ಇಳಿದು ತಗ್ಗಿನಲ್ಲಿ ನಿಲ್ಲುತ್ತದೆ. ಹಾಗಾಗಿ ಹೊರಗೆ, ನೆಲಮಟ್ಟದಲ್ಲಿ, ಜಾಲರಿಯ ಗೂಡಿನಲ್ಲಿ, ನೆಟ್ಟಗೆ ನಿಲ್ಲಿಸಿ.

ಬ್ರಹ್ಮಕಲಶ, ಪರ್ಯಾಯ: ನಾಲ್ಕು ದಿನಕ್ಕೆ ತುಂಬುವ ಉಗ್ರಾಣ

ದೇವಸ್ಥಾನದ ಜೀರ್ಣೋದ್ಧಾರದ ಬ್ರಹ್ಮಕಲಶ, ಉಡುಪಿ ಕೃಷ್ಣಮಠದ ಪೂಜೆಯ ಹೊಣೆ ಎರಡು ವರ್ಷಕ್ಕೊಮ್ಮೆ ಕೈ ಬದಲಾಗುವ ಪರ್ಯಾಯ – ಇಲ್ಲಿ ಮೇಲಿನ ಯಾವ ಹೋಲಿಕೆಯೂ ನಡೆಯುವುದಿಲ್ಲ. ಊರವರು ಅರ್ಪಿಸುವ ಹೊರೆಕಾಣಿಕೆಯ ಮೆರವಣಿಗೆ ಬಂದ ಸಂಜೆ ಅಕ್ಕಿ, ತೆಂಗಿನಕಾಯಿ, ಬೆಲ್ಲ, ಕುಂಬಳ, ಸೌತೆ, ಬಾಳೆಗೊನೆ ಎಲ್ಲ ಒಟ್ಟಿಗೆ ಇಳಿಯುತ್ತದೆ. ಶಾಶ್ವತ ರ‍್ಯಾಕ್ ಕಟ್ಟಿಸುವುದು ದುಂದು. ಕೆಂಪುಕಲ್ಲು ಜೋಡಿಸಿ ಮೇಲೆ ಅಡಿಕೆ ಸಲಾಕೆ ಹಾಸಿದ ಮಣೆ ಸಾಕು. ಆ ಕೆಲವು ದಿನ ಮುಗಿದ ಕೂಡಲೇ ಬಿಚ್ಚಬೇಕು, ಬಿಟ್ಟರೆ ಕಲ್ಲಿನ ಮೇಲಿಂದ ಗೆದ್ದಲು ಏರುತ್ತದೆ.

ಇಳಿಸುವ ಮೊದಲೇ ವಿಂಗಡಿಸಲು ಬಾಗಿಲಿನಾಚೆ ಚಪ್ಪರದಡಿ ಒಂದು ಜಾಗ ಬೇಕು. ನೇರ ಒಳಗೆ ಬಿಟ್ಟರೆ ಮೊದಲು ಬಂದ ಅಕ್ಕಿಯ ಮೇಲೆ ಆಮೇಲೆ ಬಂದ ತರಕಾರಿ ಕೂರುತ್ತದೆ, ಬೆಳಗ್ಗೆ ಅಡಿಗೆಯವರಿಗೆ ಬೇಕಾದದ್ದು ಅಡಿಯಲ್ಲಿ. ಹಣ್ಣಾದ ಬಾಳೆಗೊನೆ ಹಸಿಯದರ ಬಳಿ ಇದ್ದರೆ ಎಲ್ಲವೂ ಒಟ್ಟಿಗೆ ಹಣ್ಣಾಗುತ್ತದೆ, ಬೇರೆ ತೂಗುಹಾಕಿ. ಮಂಗಳೂರು ಸೌತೆಯನ್ನು ನಮ್ಮ ಮನೆಗಳಲ್ಲಿ ಬಾಳೆನಾರಿನಲ್ಲಿ ಕಟ್ಟಿ ಮಾಡಿನ ಪಕ್ಕಾಸಿಗೆ (ಮರದ ಪಟ್ಟಿಗೆ) ನೇತುಹಾಕುವ ಪದ್ಧತಿ ಇದೆಯಲ್ಲ, ಉಗ್ರಾಣಕ್ಕೂ ಅದೇ ಉತ್ತಮ: ನೆಲ ಉಳಿಯಿತು, ಒಂದಕ್ಕೊಂದು ತಾಗಿ ಕೊಳೆಯುವುದೂ ತಪ್ಪಿತು. ಬಿದಿರಿನ ಅಡ್ಡಕೋಲು ಒಂದಕ್ಕೆ ಎಷ್ಟು ತೂಗಬಹುದೆಂದು ಮೊದಲು ಜಗ್ಗಿ ನೋಡಿ. ಗಾಳಿಯಾಡುವಂತೆ ಪೇರಿಸುವುದರಲ್ಲಿ ಪಳಗಿದ ಕೈ ಕಾಣಬೇಕಿದ್ದರೆ ಉಡುಪಿಯಲ್ಲಿ ಪರ್ಯಾಯದ ಮೊದಲು ಮಧ್ವ ಸರೋವರದ ಬಳಿ ರಥದ ಆಕಾರದಲ್ಲಿ ಒಟ್ಟುವ ಕಟ್ಟಿಗೆಯನ್ನು ನೋಡಿ.

ಒಬ್ಬ ಉಗ್ರಾಣಿ, ಒಂದು ಪುಸ್ತಕ, ಒಂದು ಬಾಗಿಲು. ಅಡಿಗೆಯ ಮುಖ್ಯಸ್ಥರ ಚೀಟಿ ಬಾರದೆ ಸಾಮಾನು ಹೊರಗೆ ಹೋಗಬಾರದು. ‘ಸ್ವಲ್ಪ ಬೆಲ್ಲ’ ಎಂದು ಒಳನುಗ್ಗುವ ಹತ್ತು ಸ್ವಯಂಸೇವಕರಿಂದಲೇ ವಿಂಗಡಿಸಿದ್ದೆಲ್ಲ ಕಲಸಿಹೋಗುವುದು. ಹರಾಜು ಹಾಕುವ ಸಾಮಾನನ್ನು ಕೊನೆಯ ದಿನಕ್ಕೆ ಇಡಬೇಡಿ. ಮೂರನೇ ದಿನ ಮಧ್ಯಾಹ್ನದ ಊಟವಾದ ಮೇಲೆ ಉಳಿದ ಅನ್ನಸಂತರ್ಪಣೆಗೆ ಬೇಕಾದಷ್ಟು ಲೆಕ್ಕ ಹಾಕಿ ಬದಿಗಿಟ್ಟು, ಹೆಚ್ಚಾದ ತರಕಾರಿಯನ್ನು ಅಂದೇ ಸಂಜೆ ವಿಲೇವಾರಿ ಮಾಡಿ. ತೆಂಗಿನಕಾಯಿ, ಅಕ್ಕಿ ಒಂದು ವಾರ ಕಾಯುತ್ತವೆ.